ಅಕ್ಷಿತಾಳ ಹೆಸರು ಬರುವ ಮೊದಲೇ

"ಮಲೆಕುಡಿಯರ ಕಷ್ಟ ನನಗೆ ಚೆನ್ನಾಗಿ ಗೊತ್ತುಂಟು..."

ಬೆಳ್ತಂಗಡಿಯ ಸಭೆಯಲ್ಲಿ ಲತೇಶ್ ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಸಾಲಿನಿಂದ ಹುಡುಗಿಯೊಬ್ಬಳು ಎದ್ದು ನಿಂತಳು.

"ಗೊತ್ತುಂಟಾ ಸರ್? ನಮ್ಮ ಮನೆಗೆ ರಸ್ತೆ ಎಲ್ಲಿಯವರೆಗೆ ಉಂಟು, ಹೇಳಿ ನೋಡುವ!"

ಸಭೆಯೆಲ್ಲ ನಕ್ಕಿತು. ಮೆಲ್ಕಾರಿನ ಸೇವಾಸಂಸ್ಥೆಯೊಂದರಲ್ಲಿ ಕೆಲಸ ಮಾಡುವ ಲತೇಶನ ಮುಖ ಕೆಂಪಾಯಿತು.

"ಗೊತ್ತಿಲ್ಲ," ಎಂದ ಮೆಲ್ಲಗೆ. "ನಾಳೆ ಬಂದು ನೋಡ್ತೇನೆ."

ಅವಳು ಕಾಂತಿ. ನೆರಿಯದ ಕಾಡಂಚಿನ ಮಲೆಕುಡಿಯ ಬುಡಕಟ್ಟಿನ ಹುಡುಗಿ. ಇವನೆಲ್ಲಿ ಬರ್ತಾನೆ ಎಂದುಕೊಂಡಿದ್ದಳು.

ಬಂದೇ ಬಂದ! ಜೀಪು ನಿಲ್ಲುವಲ್ಲಿಂದ ಏರು ಹತ್ತಿ, ಬೆವರಿ, ಅಂಗಳದಲ್ಲಿ ಕುಳಿತ. ಅಮ್ಮ ನೀರು, ಬೆಲ್ಲ ತಂದಿಟ್ಟರು.

"ಇದೇ ದಾರಿಯಲ್ಲಿ ನನ್ನ ತಂಗಿ ಅಕ್ಷಿತಾ ತೀರಿಹೋದಳು," ಎಂದಳು ಕಾಂತಿ. "ಹೆರಿಗೆ ನೋವು. ಕುರ್ಚಿಗೆ ಕಟ್ಟಿ ಹೊತ್ತುಕೊಂಡು ಹೋದೆವು. ಜೀಪಿನವರೆಗೂ ಮುಟ್ಟಲಿಲ್ಲ..."

ಲತೇಶ್ ಬೆಲ್ಲವನ್ನು ಹಾಗೆಯೇ ತಟ್ಟೆಯಲ್ಲಿಟ್ಟ.

ಆಮೇಲೆ ಅವನು ಬರುತ್ತಲೇ ಇದ್ದ. ಕಾಂತಿಯ ಕಿವಿ ಜೀಪಿನ ಸದ್ದಿಗೆ ಕಾಯುವುದನ್ನು ಕಲಿಯಿತು. ಇಬ್ಬರೂ ಬಾಯಿಬಿಟ್ಟು ಏನೂ ಹೇಳಲಿಲ್ಲ.

ಅಷ್ಟರಲ್ಲಿ ಸಂಸ್ಥೆಗೊಂದು ಕರೆ ಬಂತು. ಲೋಕದ ಆದಿವಾಸಿಗಳೆಲ್ಲ ಜಿನೀವಾದಲ್ಲಿ ವಿಶ್ವಸಂಸ್ಥೆಯ ಎದುರು ಮಾತಾಡುವ ಸಭೆ. ಮಲೆಕುಡಿಯರಿಗೂ ಮೂರು ನಿಮಿಷ!

"ನೀವೇ ಹೋಗಬೇಕು ಕಾಂತಿ," ಎಂದ ಲತೇಶ್.

"ನನ್ನ ಇಂಗ್ಲಿಷ್ ಕೇಳಿದರೆ ನಗಾಡಿಯಾರು ಮಾರಾಯ್ರೇ! ನೀವು ಹೋಗಿ. ಅಕ್ಷಿತಾಳ ವಿಷಯ ಹೇಳಿ. ನನಗೆ ಅಷ್ಟು ಸಾಕು."

ಅವನು ಇನ್ನೊಮ್ಮೆ ಒತ್ತಾಯಿಸಬಹುದಿತ್ತು. ಅವಳು ಹೂಂ ಅನ್ನಬಹುದಿತ್ತು. ಮುಂದೆ ಇಬ್ಬರೂ ಇದನ್ನೇ ನೆನೆದು ಎಷ್ಟು ಮರುಗಿದರೋ...

ಕೊನೆಗೆ ಲತೇಶನೇ ಹೋದ. ಸಭೆಯ ದಿನ ನೇರಪ್ರಸಾರ ನೋಡಲು ನೆಟ್‌ವರ್ಕ್ ಸಿಗುವ ಬಂಡೆಯ ಮೇಲೆ ಕಾಂತಿ ಮೊಬೈಲ್ ಹಿಡಿದು ಕುಳಿತಳು. ಪಕ್ಕದಲ್ಲಿ ಅಮ್ಮ.

ಲತೇಶ್ ಶುರು ಮಾಡಿದ. ಮಾನ್ಯ ಅಧ್ಯಕ್ಷರೇ, ಉಪಾಧ್ಯಕ್ಷರೇ, ಸದಸ್ಯರೇ, ಗಣ್ಯರೇ... ಒಬ್ಬೊಬ್ಬರ ಹೆಸರು ಹೇಳಿ ವಂದಿಸಿದ. ಊರಿನ ವೇದಿಕೆಗಳಲ್ಲಿ ಬೆಳೆದ ಅಭ್ಯಾಸ! ಒಬ್ಬರನ್ನು ಬಿಟ್ಟರೂ ಬೇಸರವಾದೀತೆಂಬ ಭಯ. ಆಮೇಲೆ ಕಾಡಿನ ವಿಷಯ, ರಸ್ತೆಯ ವಿಷಯ. ಕೊನೆಗೆ, "ಆ ದಾರಿಯಲ್ಲಿ ಒಬ್ಬಳು ಹೆಣ್ಣುಮಗಳು..."

ಮೈಕ್ ಬಂದ್ ಆಯಿತು. ಸಮಯ ಮುಗಿದಿತ್ತು.

"ನಮ್ಮ ಅಕ್ಷಿತಾಳ ಹೆಸರು ಹೇಳಿದನಾ?" ಅಮ್ಮ ಕೇಳಿದರು.

"ಇಲ್ಲಮ್ಮ..."

ಊರಿಗೆ ಮರಳಿದವನೇ ಅವನು ನೆರಿಯಕ್ಕೆ ಓಡಿಬಂದ. ಕಾಂತಿ ಹೊಸ್ತಿಲು ದಾಟಲಿಲ್ಲ.

"ಅಧ್ಯಕ್ಷರ ಹೆಸರಿಗೆ ಸಮಯ ಇತ್ತು. ನನ್ನ ತಂಗಿಯ ಹೆಸರಿಗೆ ಇರಲಿಲ್ಲ, ಅಲ್ವಾ ಸರ್?"

ಮತ್ತೆ 'ಸರ್' ಎಂದಿದ್ದಳು! ಬಾಗಿಲು ಮುಚ್ಚಿತು.

ಇನ್ನು ಯಾವ ಮುಖ ಹೊತ್ತು ಹೋಗಲಿ ಎಂದು ಅವನು ಬರಲಿಲ್ಲ. ಮರೆತೇ ಬಿಟ್ಟ ಎಂದುಕೊಂಡು ಅವಳು ಕರೆಯಲಿಲ್ಲ. ಆದರೂ ಜೀಪಿನ ಸದ್ದಾದರೆ ಪಾತ್ರೆ ತೊಳೆಯುವ ಕೈ ನಿಲ್ಲುತ್ತಿತ್ತು...

ಮರುವರ್ಷ ಸಂಸ್ಥೆಯಿಂದ ವಿಸ್ಮಿತಾ ಬಂದಳು.

"ಕಾಂತಿಯಕ್ಕ, ಜಿನೀವಾದಿಂದ ಪುನಃ ಕರೆ ಬಂದಿದೆ. ಲತೇಶಣ್ಣನನ್ನು ಕೇಳಿದರೆ, ಅಲ್ಲಿನ ಆ ಕುರ್ಚಿ ನನ್ನದಲ್ಲ, ಕಾಂತಿಯದ್ದು ಅಂತಾರೆ. ಈಗ ಯಾವ ಸಭೆಯಲ್ಲೂ ಅವರು ಮೈಕ್ ಮುಟ್ಟುವುದಿಲ್ಲ, ಗೊತ್ತುಂಟಾ?"

ಕಾಂತಿ ಮನಸ್ಸಿನಲ್ಲೇ ಅಂದುಕೊಂಡಳು: 'ಆ ಕುರ್ಚಿಯನ್ನು ಅವರಿಗೆ ಕೊಟ್ಟವಳು ನಾನೇ ಅಲ್ವಾ?'

ಈ ಸಲ ಅವಳೇ ಹೋದಳು. ಯಾರಿಗೂ ವಂದಿಸಲಿಲ್ಲ.

"ನನ್ನ ತಂಗಿಯ ಹೆಸರು ಅಕ್ಷಿತಾ," ಎಂದು ತಡವರಿಸುವ ಇಂಗ್ಲಿಷಿನಲ್ಲಿ ಶುರು ಮಾಡಿದಳು. ಯಾರೂ ನಗಾಡಲಿಲ್ಲ. ಹೇಳಿ ಮುಗಿದ ಮೇಲೂ ಸಮಯ ಉಳಿದಿತ್ತು. ಅವಳೇ ಮೈಕ್ ಬಂದ್ ಮಾಡಿದಳು.

ಊರಿಗೆ ಮರಳುವ ದಾರಿಯಲ್ಲಿ, ಪ್ರಯಾಣಕ್ಕೆಂದು ಸಂಸ್ಥೆ ಕೊಟ್ಟಿದ್ದ ಸ್ವೆಟರ್ ಹಿಂದಿರುಗಿಸಲು ಮೆಲ್ಕಾರಿನಲ್ಲಿ ಇಳಿದಳು. ಮೆಟ್ಟಿಲ ಬಳಿ ಲತೇಶ್ ನಿಂತಿದ್ದ. ಸೊರಗಿದ್ದ.

"ಕೇಳಿದಿರಾ?"

"ಕೇಳಿದೆ. ಬಂಡೆಯ ಮೇಲೆ ಕೂತು, ನಿಮ್ಮ ಅಮ್ಮನ ಜೊತೆ."

ಕಾಂತಿ ಬೆರಗಾದಳು. "ಅಮ್ಮ... ಏನೆಂದರು?"

"ಅಳುತ್ತಾ ಬೆಲ್ಲ ಕೊಟ್ಟರು. ಈ ಸಲ ತಿಂದೆ."

ಅವಳ ಕಣ್ಣು ತುಂಬಿತು.

"ಕಾಂತಿ... ಮೊದಲನೆಯದಾಗಿ ನಾನು ನಿಮ್ಮಲ್ಲಿ, ನಿಮ್ಮ ಅಮ್ಮನಲ್ಲಿ, ಹಾಗೆಯೇ..."

"ಅಯ್ಯೋ, ಪುನಃ ಸ್ವಾಗತ ಭಾಷಣವಾ!"

"ನೀವೆಂದರೆ ನನಗೆ ಜೀವ. ಇನ್ನು ನಾವು ಜೊತೆಗಿರುವ."

"ಇಷ್ಟನ್ನು ಹೋದ ವರ್ಷವೇ ಹೇಳಬಹುದಿತ್ತಲ್ಲಾ..."

"ನೀವು ಬಾಗಿಲು ಹಾಕಿದಿರಿ."

"ಚಿಲಕ ಹಾಕಿರಲಿಲ್ಲ ಮಾರಾಯ್ರೇ... ಒಮ್ಮೆ ತಟ್ಟಬೇಕಿತ್ತು!"