ಕಂಪ್ಯೂಟರ್ ಡಬ್ಬಿಯಲ್ಲಿ ಆಯಿಯ ಹಾಡು

"ಅಕ್ಕಾ, ಇದ್ರಾಗ ಸ್ಪೀಕರೇ ಇಲ್ಲಲ್ಲ!"

ಬಿಚ್ಚಿಟ್ಟ ಡಬ್ಬಿಯೊಳಗೆ ಶಿವಕಾಂತಾ ಬಗ್ಗಿ ನೋಡಿದಳು. ಪುಟ್ಟದೊಂದು ಮೋಟರ್, ಎರಡು ಗಾಲಿ, ಒಂದು ಹಸಿರು ಬೋರ್ಡ್. ಅಷ್ಟೇ.

"ಇರಂಗಿಲ್ಲ ಬೇ," ಎಂದಳು ಪಂಚಶೀಲಾ, ಸ್ಕ್ರೂಡ್ರೈವರ್ ಕೆಳಗಿಡುತ್ತ. "ಇದು ಟೇಪ್ ರೆಕಾರ್ಡರ್ ಅಲ್ಲ, ಕಂಪ್ಯೂಟರ್‌ದು. ಭಾಳ ಹಿಂದ ಪ್ರೋಗ್ರಾಂ ಎಲ್ಲಾ ಕ್ಯಾಸೆಟ್‌ನ್ಯಾಗ ಇಡ್ತಿದ್ರು. ಇದು ಅದನ್ನ ಓದಿ, ವೈರ್‌ನ್ಯಾಗ ಕಂಪ್ಯೂಟರಿಗೆ ಕಳಸ್ತಿತ್ತು. ಮನಷ್ಯಾರಿಗೆ ಕೇಳಸೂದು ಇದ್ರ ಕೆಲಸ ಅಲ್ಲ."

"ಮತ್ತ ಆಯಿ ಹಾಡು ಹೆಂಗ ಕೇಳಸ್ತದ?"

"ಅದಕ್ಕೇ ಕುಂತೇನಿ ಅಲ್ಲ? ಸ್ವಲ್ಪ ತಡಿ."

ಪಂಚಶೀಲಾ ಪಕ್ಕದ ಮನೆಯ ಅಕ್ಕ. ದಿನಾ ಅಫಜಲಪುರದಿಂದ ಬಸ್ ಹಿಡಿದು ಕಲಬುರಗಿಗೆ ಹೋಗಿ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಳು. ಕಾಲೇಜಿನ ಲ್ಯಾಬಿನ ಹಳೇ ಸಾಮಾನು ಗುಜರಿಗೆ ಹೊರಟಿದ್ದಾಗ, ಸರ್ ಅವರನ್ನು ಕೇಳಿ ಈ ಡಬ್ಬಿಯನ್ನು ಎತ್ತಿಕೊಂಡು ಬಂದಿದ್ದಳು.

ಶಿವಕಾಂತಾಳ ಕೈಯಲ್ಲಿ ಒಂದು ಕ್ಯಾಸೆಟ್ ಇತ್ತು. ಕಾಕಾನ ಮದುವೆಯಲ್ಲಿ ಮುತ್ಯಾ, ಅಂದರೆ ಅಜ್ಜ, ರೆಕಾರ್ಡ್ ಮಾಡಿದ್ದು. ಅದರಲ್ಲಿ ಹಾಡಿದವಳು ಆಯಿ, ಅಂದರೆ ಅಪ್ಪನ ತಾಯಿ ಸಾಬಮ್ಮ. ಅವಳ ಹಳ್ಳಿ ಮಟಕಿಯಲ್ಲಿ ಯಾರ ಮನೆಯಲ್ಲಿ ಮದುವೆಯಾಗಲಿ, ತೊಟ್ಟಿಲಾಗಲಿ, ಮೊದಲು ಆಯಿಗೆ ಕರೆ ಬರುತ್ತಿತ್ತು. ಹಾಡು ಶುರುವಾದರೆ ಚಪ್ಪರದ ಆಚೆ ನಿಂತವರೂ ಮಾತು ನಿಲ್ಲಿಸುತ್ತಿದ್ದರಂತೆ. ಈಗ ಮುತ್ಯಾ ಇಲ್ಲ. ಅವನ ಟೇಪ್ ರೆಕಾರ್ಡರ್ ಕೆಟ್ಟು ಎಂದೋ ಹೋಯಿತು. ಓಣಿಯಲ್ಲಿ ಎಲ್ಲರ ಹತ್ತಿರ ಇರುವುದು ಮೊಬೈಲ್ ಮಾತ್ರ.

ದೀಪಾವಳಿ ಆದ ಮೇಲೆ ಆಯಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಅಪ್ಪ ಅವಳನ್ನು ಮಟಕಿಯಿಂದ ಕರೆತಂದು ಪಡಸಾಲೆಯ ಮೂಲೆಯಲ್ಲಿ ಮಂಚ ಹಾಕಿದ. ಆಯಿ ಏನಾದರೂ ಹೇಳಲು ಹೋದರೆ "ಬ್ಬಾ... ಬ್ಬಾ..." ಎಂದಷ್ಟೇ ಬರುತ್ತಿತ್ತು. ಬಾಯಿ ಒಂದು ಕಡೆ ಎಳೆಯುತ್ತಿತ್ತು.

ಆ ದನಿ ಕೇಳಿದರೆ ಶಿವಕಾಂತಾ ಅಲ್ಲಿ ನಿಲ್ಲುತ್ತಿರಲಿಲ್ಲ. ಊಟದ ತಾಟು ಇಟ್ಟು ಓಡಿಬಿಡುತ್ತಿದ್ದಳು.

ಆದರೆ ಅವಳಿಗೆ ಒಂದು ಆಸೆ ಇತ್ತು. ಶಾಲೆಯಲ್ಲಿ ಪದ್ಯ ಮರೆತು ನಿಂತಾಗ ಹಿಂದಿನಿಂದ ಗೆಳತಿ ಸಪ್ನಾ ಮೊದಲ ಸಾಲು ಹೇಳಿಕೊಟ್ಟರೆ ಸಾಕು, ಉಳಿದದ್ದು ತಾನಾಗಿ ಬರುತ್ತಿತ್ತು. ಆಯಿಗೂ ಹಾಗೇ ಆಗಬಹುದಲ್ಲ? ತನ್ನ ಹಾಡು ಕಿವಿಗೆ ಬಿದ್ದರೆ, ಮುಂದಿನದನ್ನು ತಾನೇ ಹಾಡಬಹುದಲ್ಲ?

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಡಬ್ಬಿಯ ಒಳಗಿನ ಬೆಲ್ಟ್ ಕರಗಿ ಡಾಂಬರಿನಂತೆ ಅಂಟಿಕೊಂಡಿತ್ತು. ಶಿವಕಾಂತಾ ಅರಿವೆಯಿಂದ ಗಾಲಿ ಉಜ್ಜಿ ಉಜ್ಜಿ ಬೆರಳೆಲ್ಲ ಕಪ್ಪು ಮಾಡಿಕೊಂಡಳು. ಪಂಚಶೀಲಾ ಹೊಸ ಬೆಲ್ಟ್ ಹಾಕಿದಳು. ಕ್ಯಾಸೆಟ್‌ಗೆ ತಾಗುವ ಪುಟ್ಟ ಹೆಡ್ಡಿನಿಂದ ಎರಡು ಸಣ್ಣ ವೈರ್ ತೆಗೆದು, ದನಿ ದೊಡ್ಡದು ಮಾಡುವ ಬೇರೆ ಬೋರ್ಡಿಗೆ ಬೆಸುಗೆ ಹಾಕಿದಳು. ಅಲ್ಲಿಂದ ಒಂದು ಹಳೇ ರೇಡಿಯೋದ ಸ್ಪೀಕರಿಗೆ ವೈರ್ ಎಳೆದಳು. ಕರೆಂಟಿಗೆ ಮೊಬೈಲ್ ಚಾರ್ಜರ್.

"ಹಾಕು ಕ್ಯಾಸೆಟ್," ಎಂದಳು.

ಶಿವಕಾಂತಾ ಬಟನ್ ಒತ್ತಿದಳು. ಸರ್ರೆಂದು ಸದ್ದಾಯಿತು. ಆಮೇಲೆ ದನಿ ಬಂತು.

ದಪ್ಪ ದನಿ. ಎಳೆದೆಳೆದು, ತೊದಲಿದಂತೆ. ಒಂದೊಂದು ಅಕ್ಷರವೂ ಬಾಯಲ್ಲೇ ಸಿಕ್ಕಿಕೊಂಡಂತೆ.

ಶಿವಕಾಂತಾಳ ಮುಖ ಬಿಳಿಚಿತು. "ಬಂದ್ ಮಾಡು! ಅಕ್ಕಾ, ಬಂದ್ ಮಾಡು!"

"ಯಾಕ ಬೇ? ಏನಾತು?"

"ಇದು... ಇದು ಈಗಿನ ಆಯಿ ಹಂಗ ಅದ."

ಪಂಚಶೀಲಾ ತಟ್ಟನೆ ಬಟನ್ ಒತ್ತಿದಳು. ಡಬ್ಬಿಯನ್ನು ತಿರುಗಿಸಿ ನೋಡಿದಳು. ಆಮೇಲೆ ಮೆಲ್ಲಗೆ ಅಂದಳು, "ಮೋಟರ್ ಸ್ಲೋ ಓಡಾಕತ್ತದ, ಅಷ್ಟೇ. ಚಾರ್ಜರ್ ಕರೆಂಟ್ ಇದಕ್ಕ ಸಾಲಂಗಿಲ್ಲ. ಮೋಟರಿನ ಹಿಂದ ಒಂದು ಸ್ಕ್ರೂ ಅದ, ತಿರುವಿದ್ರ ಸರಿ ಆಗ್ತದ."

ಅವಳು ಮತ್ತೆ ಹಾಡು ಹಾಕಿ, ಸ್ಕ್ರೂ ಕೂದಲಿನಷ್ಟು ಕೂದಲಿನಷ್ಟೇ ತಿರುವಿದಳು. ದಪ್ಪ ದನಿ ಏರುತ್ತ, ತೆಳ್ಳಗಾಗುತ್ತ ಬಂತು. ಒಮ್ಮೆಲೇ ಅದು ಆಯಿಯ ದನಿಯಾಯಿತು. ಮಗ್ಗುಲಲ್ಲಿ ಮಲಗಿಸಿಕೊಂಡು ಬೆನ್ನು ತಟ್ಟುತ್ತಿದ್ದ ಆಯಿ. ಶಿವಕಾಂತಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ರವಿವಾರ ಮಧ್ಯಾಹ್ನ ಡಬ್ಬಿಯನ್ನು ಆಯಿಯ ಮಂಚದ ಹತ್ತಿರ ಸ್ಟೂಲಿನ ಮೇಲೆ ಇಟ್ಟರು. ಶಿವಕಾಂತಾಳ ಅಪ್ಪ ಗುರುಲಿಂಗ ಬಸ್ ಕಂಡಕ್ಟರ್. ಅವತ್ತು ರಜೆ ಹಾಕಿದ್ದ. ಅವ್ವ ಒಲೆ ಆರಿಸಿ ಬಂದಳು. ಎದುರು ಮನೆಯ ಸುಲ್ತಾನಬಿ ಸುದ್ದಿ ಕೇಳಿ ಬಂದು ಬಾಗಿಲಲ್ಲಿ ಕುಳಿತಳು.

"ಆಯಿ, ನಿನ್ನ ಹಾಡು," ಎಂದಳು ಶಿವಕಾಂತಾ. ಬಟನ್ ಒತ್ತಿದಳು.

ಹಾಡು ಪಡಸಾಲೆ ತುಂಬಿತು. ಹಾಡಿನ ಹಿಂದೆ ಬಳೆಗಳ ಸದ್ದು, ಯಾರೋ ನಕ್ಕದ್ದು, ಮುತ್ಯಾ ಕೆಮ್ಮಿದ್ದು. ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ. ಅವನ ತಲೆ ಹಾಡಿನ ಜೊತೆ ಮೆಲ್ಲಗೆ ಆಡುತ್ತಿತ್ತು.

"ಯಾ ಅಲ್ಲಾ, ಎಂಥಾ ಗಳಾ, ಎಂಥಾ ದನಿ ಅದ ಆಯಿದು!" ಎಂದಳು ಸುಲ್ತಾನಬಿ.

ಶಿವಕಾಂತಾ ಆಯಿಯ ಬಾಯನ್ನೇ ನೋಡುತ್ತಿದ್ದಳು. ತುಟಿ ಅಲುಗಿತು. ಆಯಿ ಬಾಯಿ ತೆರೆದಳು. ಈಗ ಬರುತ್ತದೆ, ಈಗ ಬಂದೇ ಬರುತ್ತದೆ!

"ಬ್ಬಾ..." ಎಂದಿತು ಬಾಯಿ.

ಡಬ್ಬಿಯಲ್ಲಿ ಹಾಡು ಮುಂದೆ ಹೋಯಿತು. ಆಯಿ ಮತ್ತೊಮ್ಮೆ ಬಾಯಿ ತೆರೆದಳು. ಕುತ್ತಿಗೆಯ ನರ ಬಿಗಿದವು. "ಬ್ಬಾ... ಬ್ಬಾ..." ಹಾಡು ಇನ್ನೂ ಮುಂದೆ ಹೋಯಿತು. ಆಯಿ ಬಾಯಿ ಮುಚ್ಚಿಕೊಂಡಳು. ಕಣ್ಣಿಂದ ನೀರು ಇಳಿದು ಕಿವಿಯೊಳಗೆ ಹೋಯಿತು.

"ನೋಡ್ರಿ, ಖುಷಿಗಿ ಅಳಾಕತ್ತಾರ!" ಎಂದಳು ಸುಲ್ತಾನಬಿ, ತಾನೂ ಕಣ್ಣೊರೆಸಿಕೊಳ್ಳುತ್ತ. "ಇನ್ನಾ ಜೋರ ಹಚ್ಚು ಬೇ!"

ಅವ್ವ ನಕ್ಕಳು. ಪಂಚಶೀಲಾ ದನಿ ಏರಿಸಲು ಕೈ ಚಾಚಿದಳು.

ಶಿವಕಾಂತಾ ಮಾತ್ರ ಆಯಿಯ ಎಡಗೈ ನೋಡಿದಳು. ಅದು ಹೊದ್ದ ಕೌದಿಯನ್ನು ಗಟ್ಟಿಯಾಗಿ ಹಿಂಡಿ ಹಿಡಿದಿತ್ತು. ಆಯಿ ಮುಖವನ್ನು ಗೋಡೆಯ ಕಡೆ ತಿರುಗಿಸಲು ಒದ್ದಾಡುತ್ತಿದ್ದಳು. ಕುತ್ತಿಗೆ ಅರ್ಧ ತಿರುಗಿ ನಿಂತುಬಿಟ್ಟಿತ್ತು.

ಶಿವಕಾಂತಾ ಸ್ಟಾಪ್ ಒತ್ತಿದಳು.

ಅಪ್ಪ ಕಣ್ಣು ಬಿಟ್ಟ. "ಯಾಕ ಬೇ? ಹಚ್ಚು."

"ಬ್ಯಾಡ ಅಪ್ಪಾ."

"ಹಚ್ಚು ಅಂದೆ. ನಿಮ್ಮ ಆಯಿ ಕೇಳಾಕತ್ತಾಳ."

"ಆಯಿಗಿ ಬ್ಯಾಡಾಗ್ಯದ!" ಶಿವಕಾಂತಾ ಆಯಿಯ ಎಡಗೈ ತೋರಿಸಿದಳು. "ನಮಗ ಬೇಕು, ಆಯಿಗಿ ಬ್ಯಾಡ. ನೋಡು."

ಅಪ್ಪ ಎದ್ದು ಬಂದು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಸುಲ್ತಾನಬಿ ಸೆರಗು ಸರಿ ಮಾಡಿಕೊಂಡು ಎದ್ದಳು. ಅವ್ವ ಅಡುಗೆಮನೆಗೆ ಹೋದಳು. ಪಂಚಶೀಲಾ ವೈರ್ ಸುತ್ತಿ ಡಬ್ಬಿಯನ್ನು ಎತ್ತಿಕೊಂಡಳು.

"ಇದು ನಮ್ಮ ಮನ್ಯಾಗ ಇರ್ಲಿ," ಎಂದಳು. "ನಿನಗ ಕೇಳಬೇಕು ಅನಿಸಿದ್ರ ಬಾ."

ಶಿವಕಾಂತಾ ತಲೆಯಾಡಿಸಿದಳು. ಪದ್ಯದ ಹಾಗಲ್ಲ ಇದು. ಆಯಿ ಹಾಡನ್ನು ಮರೆತೇ ಇರಲಿಲ್ಲ. ಎಲ್ಲಾ ಸಾಲೂ ಅವಳೊಳಗೆ ಹಾಗೇ ಇದ್ದವು. ಹೊರಗೆ ಮಾತ್ರ ಬರುತ್ತಿರಲಿಲ್ಲ.

ಅವಳೂ ಎದ್ದು ಹೋಗಬೇಕೆಂದಿದ್ದಳು. ಅಷ್ಟರಲ್ಲಿ ಆಯಿಯ ಎಡಗೈ ಅವಳ ಫ್ರಾಕಿನ ಅಂಚನ್ನು ಹಿಡಿಯಿತು.

"ನ್... ನೀ..."

"ನೀರು ಬೇಕೇನ ಅತ್ತಿ?" ಎಂದು ಅವ್ವ ಅಡುಗೆಮನೆಯಿಂದಲೇ ಕೂಗಿದಳು. "ಶಿವಕಾಂತಾ, ನೀರು ಕೊಡು."

ಆಯಿ ಕಣ್ಣು ಮುಚ್ಚಿ ಇಲ್ಲವೆಂಬಂತೆ ತಲೆ ಅಲುಗಿಸಿದಳು. ಕೈ ಮಾತ್ರ ಬಿಡಲಿಲ್ಲ.

ಶಿವಕಾಂತಾ ಮಂಚದ ಅಂಚಿಗೆ ಕುಳಿತಳು. ನೀರೇನು, ಚಾದರವೇನು, ಔಷಧವೇನು ಎಂದು ಕೇಳಲಿಲ್ಲ. ಆಯಿಯ ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು.

"ನೀ... ಬ್ಬಾ... ನೀ..."

ಓಣಿಯಲ್ಲಿ ಸಪ್ನಾ ಆಡಲು ಕರೆಯುತ್ತಿದ್ದಳು. ಶಿವಕಾಂತಾ ಕದಲಲಿಲ್ಲ. ಆಯಿಯ ಬಾಯನ್ನು ನೋಡುತ್ತ, ಮುಂದಿನ ಅಕ್ಷರ ಬರುವುದನ್ನು ಕಾಯುತ್ತ ಕುಳಿತಳು.