ಚಲಪತಿಯವರ ಎಫ್ ಡ್ರೈವ್

1999ರ ಮಾರ್ಚ್ 8, ಸೋಮವಾರ ಬೆಳಗ್ಗೆ 10.40ಕ್ಕೆ ವಧೂವರರ ಮಾಹಿತಿ ಕೇಂದ್ರದ ಮಾಲೀಕ ಚಲಪತಿ ಚಿಕ್ಕಬಳ್ಳಾಪುರದ ಠಾಣೆಗೆ ಬಂದು, ತಮ್ಮ ಎಫ್ ಡ್ರೈವ್ ಕಳುವಾಗಿದೆ ಎಂದು ಲಿಖಿತ ದೂರು ಕೊಟ್ಟರು.

“ಈಗ ಅದೆಲ್ಲಿದೆ?” ಇನ್‌ಸ್ಪೆಕ್ಟರ್ ಮುನಿವೆಂಕಟಪ್ಪ ಕೇಳಿದರು.

“ನನ್ನ ಕಂಪ್ಯೂಟರಲ್ಲೇ ಇದೆ ಸಾರ್.”

“ಹಂಗಾದ್ರೆ ಕಳುವಾಗಿದ್ದೇನು?”

“ಅದೇ ಸಾರ್. ಅಲ್ಲೂ ಇದೆ, ಹೋಗೂ ಬಿಟ್ಟಿದೆ.”

ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೆಬಲ್ ದಸ್ತಗಿರ್ ಪೆನ್ನಿಗೆ ಮುಚ್ಚಳ ಹಾಕಿದರು.

ಕಂಪ್ಯೂಟರಿನೊಳಗಿನ ಆ ಡ್ರೈವಿನಲ್ಲಿ ಗಂಡುಗಳ ಪಟ್ಟಿ ಇತ್ತು. ಪಟ್ಟಿಯ ಕೊನೆಗೆ ‘ಹೇಳಬಾರದ್ದು’ ಎಂಬ ಕಾಲಂ. ಅದರಲ್ಲಿದ್ದದ್ದು ಹೊರಬಿದ್ದು ಒಂದೇ ತಿಂಗಳಲ್ಲಿ ಮೂರು ಸಂಬಂಧ ಮುರಿದಿದ್ದವು. ದಿಬ್ಬೂರಹಳ್ಳಿಯ ಕದಿರಮ್ಮನ ಮಗಳಂತೂ ಕಾಫಿ ತಟ್ಟೆ ಹಿಡಿದುಕೊಂಡೇ ಗಂಡನ್ನು, “ನಿಮಗೆ ನಲವತ್ತೊಂದಂತೆ, ಮುಂದಿನ ಹಲ್ಲು ಕಟ್ಟಿಸಿದ್ದಂತೆ, ನಿಜವಾ?” ಎಂದು ಕೇಳಿದ್ದಳು.

ನೌಕರರಿಂದ ನಂಬಿಕೆದ್ರೋಹವೆಂದು ಕಲಂ 408ರಡಿ ಎಫ್‌ಐಆರ್ ಆಯಿತು. ದಸ್ತಗಿರ್ ಮೂರು ಮನೆಗಳಿಗೂ ಹೋಗಿ ಬಂದರು. ಮೂವರು ಹುಡುಗಿಯರೂ ಚಲಪತಿಯವರ ಆಫೀಸಿನ ಪಕ್ಕದ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಹೋಗುತ್ತಿದ್ದರು. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕೇಬಲನ್ನು ಚಲಪತಿ ತಮ್ಮ ಆಫೀಸಿಗೂ ಅಲ್ಲಿಂದಲೇ ಎಳೆಸಿಕೊಂಡಿದ್ದರು.

10ನೇ ತಾರೀಖು ಮಧ್ಯಾಹ್ನ 2.15ಕ್ಕೆ ಪಂಚನಾಮೆ. ಪಂಚರಾಗಿ ಬಂದ ಟೈಲರ್ ಬಯ್ಯಪ್ಪ ತಮ್ಮ ಟೇಪಿನಲ್ಲೇ ಕೇಬಲ್ ಅಳೆದು, “ಹದಿನೆಂಟು ಅಡಿ, ಹೊಲಿಗೆ ಇಲ್ಲ,” ಎಂದರು. ದಸ್ತಗಿರ್ ಹಾಗೆಯೇ ಬರೆದುಕೊಂಡರು.

ತರಬೇತಿ ಕೇಂದ್ರದ ಕಂಪ್ಯೂಟರುಗಳಲ್ಲಿ ‘ಪಾಠ’ ಎಂಬ ಹೆಸರಿನಡಿ ಗಂಡುಗಳ ಪಟ್ಟಿ ತೆರೆಯಿತು. ಮೇಷ್ಟ್ರು ಖಲೀಮುಲ್ಲಾ ವಿವರಿಸಿದರು.

“ಚಲಪತಿ ಸಾರ್ ಡ್ರೈವು ಅವರ ಗುಮಾಸ್ತೆ ಅನಸೂಯಮ್ಮನೋರ ಕಂಪ್ಯೂಟರಿಗೆ ಮಾತ್ರ ಕಾಣೋದು. ಅದನ್ನ ಅಲ್ಲಿಂದ ಇನ್ನೊಬ್ಬರಿಗೆ ಹಂಚಕ್ಕೆ ವಿಂಡೋಸ್ ಬಿಡಲ್ಲ. ಲಿನಕ್ಸ್ ಬಿಡತ್ತೆ.”

“ಲಿನಕ್ಸ್ ಅಂದ್ರೆ ಯಾರು?” ಮುನಿವೆಂಕಟಪ್ಪ ಕೇಳಿದರು.

“ಅದೂ ವಿಂಡೋಸ್ ತರಾನೇ ಸಾರ್, ಬೇರೆ. ಅನಸೂಯಮ್ಮನೋರು ಕಲೀಬೇಕು ಅಂದ್ರು, ಅವರ ಕಂಪ್ಯೂಟರಿಗೆ ನಾನೇ ಹಾಕ್ಕೊಟ್ಟೆ.”

“ಪಕ್ಕದ ಮನೆ ನಲ್ಲಿಯಿಂದ ಪೈಪ್ ಎಳೆದು, ಬೀದಿಗೆಲ್ಲ ನೀರು ಬಿಟ್ಟಂಗೆ.”

“ಹೂಂ ಸಾರ್.”

ಅನಸೂಯಮ್ಮ ಏನನ್ನೂ ಮುಚ್ಚಿಡಲಿಲ್ಲ, ಪಟ್ಟಿ ಹಂಚಿದ್ದು ತಾನೇ ಎಂದರು.

“ಬಾಯಲ್ಲಿ ಹೇಳಬೋದಿತ್ತಲ್ಲಮ್ಮ?” ಇನ್‌ಸ್ಪೆಕ್ಟರ್ ಕೇಳಿದರು.

“ಇಬ್ಬರಿಗೆ ಹೇಳ್ದೆ ಸಾರ್. ಹೊಟ್ಟೆಕಿಚ್ಚು ಅಂದ್ರು. ಕಂಪ್ಯೂಟರಲ್ಲಿ ಬಂದ್ರೆ ನಂಬ್ತಾರೆ.”

ಮುನಿವೆಂಕಟಪ್ಪ ಪಟ್ಟಿಯನ್ನು ಪ್ರಿಂಟ್ ತೆಗೆಸಿದರು. ನೂರಾ ಹನ್ನೆರಡು ಪುಟ.

“ಇದೇನಕ್ಕೆ ಸಾರ್?” ಚಲಪತಿ ಕೇಳಿದರು.

“ಸಾಕ್ಷಿ. ಕೋರ್ಟಲ್ಲಿ ಓದ್ತಾರೆ.”

“ಕೊನೇ ಕಾಲಮ್ಮೂನಾ?”

“ಅದನ್ನೇ ಮೊದಲು.”

ಚಲಪತಿ ಕುರ್ಚಿ ಎಳೆದುಕೊಂಡು ಕುಳಿತರು. “ದೂರು ವಾಪಸ್ ತಗೋಬೋದಾ?”

“ಎಫ್‌ಐಆರ್ ಆಗೋಗಿದೆ. ನಿಮ್ಮ ಮೇಲೆ ಹುಡುಗಿ ಕಡೆಯೋರು ಕೊಟ್ರೆ ಅದನ್ನೂ ತಗೋತೀವಿ.”

ಸಂಜೆ 5.20ಕ್ಕೆ ಮಹಿಳಾ ಕಾನ್‌ಸ್ಟೆಬಲ್ ಸಮ್ಮುಖದಲ್ಲಿ ಅನಸೂಯಮ್ಮನ ದಸ್ತಗಿರಿಯಾಯಿತು. ಹೊರಡುವ ಮುನ್ನ ಆಕೆ ಕಂಪ್ಯೂಟರಿಗೆ ಬಟ್ಟೆ ಹೊದಿಸಿದರು. ಮರುದಿನ ಜಾಮೀನು ಸಿಕ್ಕಿತು. ಜಾಮೀನು ಕೊಟ್ಟವಳು ಕದಿರಮ್ಮ.

ಅನಸೂಯಮ್ಮನ ಹೇಳಿಕೆಯ ಕೊನೆಯ ಭಾಗವನ್ನು ದಸ್ತಗಿರ್ ನಿಧಾನವಾಗಿ ಬರೆದುಕೊಂಡಿದ್ದರು. ಆಕೆಯ ತಂಗಿಯ ಮದುವೆ ಮಾಡಿಸಿದ್ದೂ ಚಲಪತಿಯೇ. ಐದೇ ತಿಂಗಳಿಗೆ ತಂಗಿ ತವರಿಗೆ ಮರಳಿದ್ದಳು. ಕಾರಣವನ್ನು ಯಾರಿಗೂ ಹೇಳಿರಲಿಲ್ಲ, ಊರಿನವರು ಅವಳನ್ನೇ ಆಡಿಕೊಂಡಿದ್ದರು. ಕೇಬಲ್ ಜೋಡಿಸಿದ ದಿನ ಅನಸೂಯಮ್ಮ ಮೊದಲು ಹುಡುಕಿದ್ದು ತಂಗಿಯ ಗಂಡನ ಹೆಸರನ್ನು. ಅದರ ಮುಂದೆ ಕೊನೆಯ ಕಾಲಂನಲ್ಲಿ ಚಲಪತಿ ಟೈಪ್ ಮಾಡಿದ್ದರು: ತೊಂಡೇಬಾವಿಯಲ್ಲಿ ಹೆಂಡತಿ, ಎರಡು ಮಕ್ಕಳು.