ಎರಡನೇ ಡಬ್ಬಿಯ ತೋಟಾ

ಡಿಸೆಂಬರ್ ಹನ್ನೊಂದರ ಬೆಳಿಗ್ಗೆ ಎಂಟೂವರೆಗೆ ಕಾಂತಾಬಾಯಿ ಠಾಣೆಗೆ ಬಂದಳು. ಅವಳ ಗಂಡ ಮಾಣಿಕಪ್ಪನ ಶವ ಕೊಹೀರ್ ಹತ್ತಿರದ ತೊಗರಿ ಹೊಲದ ಬದುವಿನ ಮೇಲೇ ಇತ್ತು. ಕಾಡುಹಂದಿ ಹೊಡೆಯಲು ಪಂಚಾಯಿತಿ ಕರೆಸಿದ್ದ ಲೈಸೆನ್ಸ್‌ದಾರ ಶಿಕಾರಿ ಧಮ್ಮಪಾಲನ ಗುಂಡು ಅವನ ಎದೆಗೆ ತಗುಲಿತ್ತು.

"ಆಕಸ್ಮಿಕ ಅಂತ ಊರವರೆಲ್ಲ ಹೇಳ್ಲಿಕತ್ತಾರಲ್ಲಮ್ಮಾ," ಎಂದರು ಇನ್‌ಸ್ಪೆಕ್ಟರ್ ಪ್ರವೀಣಕುಮಾರ.

"ಊರವರು ಅಂತಾರ್ರಿ, ನಾ ಅನ್ನಂಗಿಲ್ಲ. ಆತನ ಗುರಿ ತಪ್ಪಂಗಿಲ್ಲ ಅಂತ ಕೇಳೇ ಪಂಚಾಯ್ತಿಯವರು ತಾಂಡೂರಿಂದ ಕರೆಸಿದ್ರು. ಓಡೋ ಹಂದಿಗೆ ತಪ್ಪದಾಂವ ನಿಂತ ಮನುಷ್ಯಾನ ಕಡೆ ಹೆಂಗ ತಪ್ಪಿ ಹೊಡೀತಾನ? ಖೂನ್ ಅಂತ ಬರೀರಿ."

"ಹಳೇ ದ್ವೇಷ ಇತ್ತೇನು?"

"ಆತನ ಮಾರಿ ನೋಡಿದ್ದೇ ನಿನ್ನೆ."

ಕಾರಣವಿಲ್ಲದೆ ಕೊಲೆ ಎಂದು ಬರೆಯುವುದು ಹೇಗೆ? ನಿರ್ಲಕ್ಷ್ಯದಿಂದಾದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಕಾಂತಾಬಾಯಿ ಸಹಿ ಹಾಕಿದಳು, ಆದರೆ ಬೆಂಚಿನಿಂದ ಏಳಲಿಲ್ಲ.

ಸ್ಥಳದಲ್ಲಿ ಪಂಚನಾಮೆ ನಡೆಯಿತು. ಗುಂಡು ಬಿದ್ದಾಗ ಮಾಣಿಕಪ್ಪನ ಆಳು ರಾಮುಲು ಅವನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತಿದ್ದ. ಅವನ ಅಂಗಿಯ ತೋಳಿನಲ್ಲಿ ಒಡೆಯನ ರಕ್ತವಿತ್ತು. ರೈಫಲನ್ನು ಊರವರು ಆಗಲೇ ಕಸಿದುಕೊಂಡಿದ್ದರು. ಸುಟ್ಟ ತೋಟಾದ ಹಿತ್ತಾಳೆ ಚಿಪ್ಪು ಅದರೊಳಗೇ ಉಳಿದಿತ್ತು.

ಧಮ್ಮಪಾಲ ಓಡಿಹೋಗಿರಲಿಲ್ಲ. ಸೈನ್ಯದಿಂದ ನಿವೃತ್ತನಾದವನು, ಶಾಲೆಯ ಕಟ್ಟೆಯ ಮೇಲೆ ನೆಟ್ಟಗೆ ಕೂತಿದ್ದ.

"ಏನಾಯ್ತು?"

"ಹಂದಿ ಬದುವಿನ ಕಡೆ ತಿರುಗ್ತು ಸಾಬ್. ಗುಂಡು ಸರೀತು. ಈ ಡಬ್ಬಿ ತೋಟಾ ಖರಾಬ್ ಅದ."

ಚೀಲದಿಂದ ಡಬ್ಬಿ ತೆಗೆದುಕೊಟ್ಟ. ಕಾರ್ಖಾನೆಯ ತೋಟಾಗಳು, ಅರ್ಧ ಖಾಲಿ.

ಕಾನ್‌ಸ್ಟೆಬಲ್ ಮಹಾನಂದಾ ಒಂದು ತೋಟಾವನ್ನೂ ರೈಫಲ್‌ನ ಚಿಪ್ಪನ್ನೂ ಅಕ್ಕಪಕ್ಕ ಇಟ್ಟು ಹಿಂಬದಿ ನೋಡಿದಳು. ಕಾರ್ಖಾನೆ ಒತ್ತಿದ ವರ್ಷ ಎರಡರ ಮೇಲೂ ಬೇರೆ ಬೇರೆಯಾಗಿತ್ತು.

"ಸರ್, ಸುಟ್ಟಿದ್ದು ಈ ಡಬ್ಬಿದಲ್ಲ."

ಮರುದಿನ ತಾಂಡೂರಿಗೆ ಹೋದರು. ಊರ ಹೊರಗಿನ ಪಾಳುಬಿದ್ದ ಫರ್ಶಿ ಕಲ್ಲಿನ ಗಣಿಯಲ್ಲಿ ಧಮ್ಮಪಾಲ ಗುರಿ ನೋಡುತ್ತಿದ್ದನೆಂದು ತಿಳಿಯಿತು. ಗಣಿ ಬದಿಯ ಚಹಾ ಅಂಗಡಿಯ ಭೂದೇವಿ ಕೈಯೊರೆಸುತ್ತ ಬಂದಳು.

"ಹೌದ್ರಿ, ಮಿಲಿಟ್ರಿ ಅಣ್ಣ ಹೊಸ ಡಬ್ಬಿ ತಂದಾಗೆಲ್ಲ ಇಲ್ಲಿ ರಟ್ಟು ನಿಲ್ಲಿಸಿ ಹೊಡೀತಾನ. ಬಂದೂಕಿಗೆ ಎಲ್ಲಾ ತೋಟಾ ಹಿಡಿಸಂಗಿಲ್ಲಂತ. ನಮ್ಮನಿಯಾಂವಗ ನಾ ಮಾಡಿದ ಪಲ್ಯಾ ಹಿಡಿಸಂಗಿಲ್ಲ ನೋಡ್ರಿ, ಹಂಗ."

"ಕಡೇ ಸಲ ಯಾವಾಗ ಬಂದಿದ್ದ?"

"ನಾಕು ದಿನದ ಹಿಂದ. ಎರಡು ಡಬ್ಬಿ ತಂದಿದ್ದ. ರಟ್ಟು ಅಲ್ಲೇ ಬಿದ್ದಾವ."

ಎರಡು ರಟ್ಟುಗಳು ಸಿಕ್ಕವು. ಒಂದರಲ್ಲಿ ತೂತುಗಳು ಗೇಣಗಲ ಚೆದುರಿದ್ದವು. ಇನ್ನೊಂದರಲ್ಲಿ ಎಲ್ಲವನ್ನೂ ಒಂದು ಚಹಾ ಬಸಿಯಿಂದ ಮುಚ್ಚಬಹುದಿತ್ತು.

ಎರಡನೇ ಡಬ್ಬಿ ಅವನ ಮನೆಯ ಅಲಮಾರಿಯಲ್ಲಿತ್ತು. ಅದರ ವರ್ಷ ಚಿಪ್ಪಿಗೆ ಹೊಂದಿತು. ಪಂಚರ ಮುಂದೆ ಜಪ್ತಿ ಮಾಡುವಾಗ ಮಹಾನಂದಾ ಗೋಡೆಯ ಫೋಟೊ ಮುಂದೆ ನಿಂತುಬಿಟ್ಟಳು.

"ಯಾರವ್ವಾ ಇವರು?"

"ನನ್ನ ಮಗಳು ಪೂರ್ಣಿಮಾ, ಧಮ್ಮಪಾಲನ ತಂಗಿ," ಎಂದಳು ಧಮ್ಮಪಾಲನ ತಾಯಿ ಮೈಸಮ್ಮ. "ಕೊಹೀರ್ ಕಡೆ ಕೊಟ್ಟಿದ್ವಿ. ಕೂಲಿಗೆ ಹೋದಾಕಿ ಹೊಲದಾಗೇ ಸತ್ತಳು."

ಹಿಂದಿನ ಮಳೆಗಾಲದ ಆ ಶವದ ಪಂಚನಾಮೆಗೆ ಮಹಾನಂದಾಳೇ ಹೋಗಿದ್ದಳು. ಮಾಣಿಕಪ್ಪನ ಹೊಲ. ಹುಲ್ಲು ಕೊಯ್ಯಲು ಹೋದ ಹೆಣ್ಣುಮಗಳ ಅಂಗೈ ಸುಟ್ಟಿತ್ತು. ಹಂದಿ ತಡೆಯಲು ಕರೆಂಟ್ ವೈರ್ ಎಳೆದಿದ್ದಾರೆಂದು ಜನ ಪಿಸುಗುಟ್ಟಿದ್ದರು. ಪೊಲೀಸರು ತಲುಪುವ ಹೊತ್ತಿಗೆ ವೈರ್ ಇರಲಿಲ್ಲ, ಸಾಕ್ಷಿ ಹೇಳುವವರೂ ಇರಲಿಲ್ಲ. ಆಕಸ್ಮಿಕ ಸಾವೆಂದು ಕಡತ ಮುಗಿದಿತ್ತು. ಸತ್ತವಳ ತವರು ಯಾವುದೆಂದು ಮಾಣಿಕಪ್ಪ ವಿಚಾರಿಸಿರಲಿಲ್ಲ.

ಜಿಲ್ಲಾ ಸಶಸ್ತ್ರ ದಳದ ಆರ್ಮರರ್ ಅದೇ ರೈಫಲ್‌ನಿಂದ ಎರಡೂ ಡಬ್ಬಿಯ ತೋಟಾಗಳನ್ನು ಹೊಡೆದು ನೋಡಿದ. ಚೀಲದ ಡಬ್ಬಿಯವು ಗೇಣಗಲ ಚೆದುರಿದವು, ಅಲಮಾರಿಯ ಡಬ್ಬಿಯವು ಒಂದೇ ಕಡೆ ಬಿದ್ದವು. ಹದಿನೇಳರಂದು ಧಮ್ಮಪಾಲನನ್ನು ಮತ್ತೆ ಕರೆಸಿದರು.

"ಸುಟ್ಟಿದ್ದು ಒಳ್ಳೇ ತೋಟಾ. ಕೊಟ್ಟಿದ್ದು ಕೆಟ್ಟ ಡಬ್ಬಿ. ಹೌದಲ್ಲ?"

ಇನ್‌ಸ್ಪೆಕ್ಟರ್ ಎರಡೂ ಡಬ್ಬಿಗಳನ್ನು ಮೇಜಿನ ಮೇಲಿಟ್ಟರು.

"ಆಕಸ್ಮಿಕ ಅಂತ ತೋರಿಸಬೇಕಿದ್ರೆ ಕೆಟ್ಟದ್ದನ್ನೇ ತುಂಬಬಹುದಿತ್ತು. ನಮಗೇನೂ ಸಿಗ್ತಿರಲಿಲ್ಲ. ಯಾಕೆ ತುಂಬಲಿಲ್ಲ?"

ಧಮ್ಮಪಾಲ ಕೆಟ್ಟ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ.

"ಒಳ್ಳೇದೊಂದು ಕಿಸೆದಾಗ ಇಟ್ಟಿದ್ದೆ ಸಾಬ್, ಅದನ್ನ ತುಂಬಿದೆ. ಮಗ್ಗಲದಾಗ ಆ ಆಳು ನಿಂತಿದ್ದ. ಗೇಣು ಸರದ್ರ ಆತಗ ಬಡೀತಿತ್ತು."

"ತಂಗಿ ಸಲುವಾಗಿ ಮಾಡಿದೆಯಾ?"

"ಆಕಿದು ಆಕಸ್ಮಿಕ ಅಂತ ನೀವೇ ಬರದ್ರಿ. ಇದೂ ಹಂಗೇ ಬರೀತೀರಿ ಅಂತ ತಿಳ್ಕೊಂಡಿದ್ದೆ."

ಸಂಜೆ ನಾಲ್ಕಕ್ಕೆ ಕೊಲೆಯ ಕಲಮು ಸೇರಿಸಿ ಬಂಧಿಸಿದರು. ಸುದ್ದಿ ತಿಳಿಸಲು ಮಹಾನಂದಾ ಹಳ್ಳಿಗೆ ಹೋದಳು. ಕಾಂತಾಬಾಯಿ ಕೇಳಿದಳು, "ಯಾಕ ಹೊಡದನಂತ?" ಮಹಾನಂದಾ ಎಲ್ಲವನ್ನೂ ಹೇಳಿದಳು, ಆಳಿನ ಸಲುವಾಗಿ ತೋಟಾ ಬದಲಿಸಿದ್ದನ್ನೂ. ಕಾಂತಾಬಾಯಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ದನದ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ರಾಮುಲು ಕೇಳಿಸಿಕೊಂಡಿದ್ದ.

ಮರುದಿನ ಬೆಳಿಗ್ಗೆ ಅವನು ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದ.

"ಏನೋ ರಾಮುಲು?"

"ವೈರ್ ನಾನೇ ಬಿಚ್ಚಿದ್ದೆ ಮೇಡಂ. ಮಾಲಕ್ರು ಹೇಳಿದ್ರು. ಹಾಳುಬಾವ್ಯಾಗ ಒಗದೀನಿ."

ಬಾವಿಯಿಂದ ವೈರ್ ತೆಗೆಸಿ ಪಂಚನಾಮೆ ಮಾಡಿದರು. ಪೂರ್ಣಿಮಾಳ ಕಡತ ಮತ್ತೆ ತೆರೆಯಿತು. ಆರೋಪಿಯ ಜಾಗದಲ್ಲಿ ಇನ್‌ಸ್ಪೆಕ್ಟರ್ ಮಾಣಿಕಪ್ಪನ ಹೆಸರು ಬರೆದು, ಪಕ್ಕದಲ್ಲಿ 'ಮೃತ' ಎಂದು ಸೇರಿಸಿದರು.